ಮನೆ ತಟ್ಟಿ ನೋಡಿದ ಸುತ್ತಿಗೆ

ನಾನೊಂದು ಸುತ್ತಿಗೆ. ಮೊಳೆ ಹೊಡೆಯುವ ಸುತ್ತಿಗೆಯಲ್ಲ, ಕಲ್ಲು ಒಡೆಯುವುದೂ ಅಲ್ಲ. ನನ್ನ ಕೆಲಸ ಮೆಲ್ಲಗೆ ತಟ್ಟುವುದು, ತಟ್ಟಿದಾಗ ಏಳುವ ಸದ್ದನ್ನು ಹಿಡಿದವರ ಕಿವಿಗೆ ಮುಟ್ಟಿಸುವುದು. ಇಷ್ಟೇ ಕೆಲಸ ಮಾಡಿ ಬದುಕು ಕಳೆದೆ. ಬೇಸರವೇನೂ ಆಗಲಿಲ್ಲ.

ಹುಬ್ಬಳ್ಳಿಯ ಹೊರಗೆ, ಗದಗ ರಸ್ತೆಯ ಬದಿಯ ಒಂದು ಕುಲುಮೆಯಲ್ಲಿ ನಾನು ಹುಟ್ಟಿದೆ. ಕೆಟ್ಟು ನಿಂತ ಲಾರಿಯ ಆ್ಯಕ್ಸಲ್ಲಿನ ತುಂಡೊಂದನ್ನು ಕಮ್ಮಾರ ಕೆಂಡದಲ್ಲಿ ಕಾಸಿ, ಬಡಿದು, ನನಗೆ ಚಿಕ್ಕದೊಂದು ತಲೆ ಮಾಡಿದ. ನೀರಿಗೆ ಅದ್ದಿದಾಗ ನಾನು ಹಾಕಿದ ಕೂಗಿಗೆ ಅವನು ನಕ್ಕ ನೆನಪಿದೆ. ಜಾಲಿ ಮರದ ಉದ್ದನೆಯ ಹಿಡಿಕೆ ಹಾಕಿ ರೈಲಿನ ಕೆಲಸಕ್ಕೆ ಕೊಟ್ಟುಬಿಟ್ಟ.

ಅಲ್ಲಿ ನನ್ನನ್ನು ಹಿಡಿದವರು ದಾವಲಸಾಬ ನದಾಫರು. ಬಂದು ನಿಂತ ರೈಲಿನ ಉದ್ದಕ್ಕೂ ನಡೆಯುತ್ತಾ ಒಂದೊಂದೇ ಗಾಲಿಯನ್ನು ತಟ್ಟುವುದು ಅವರ ಕೆಲಸ. ಗಾಲಿ ಗಟ್ಟಿಯಿದ್ದರೆ ಗಂಟೆಯಂತೆ ನಾದ ಬರುತ್ತಿತ್ತು. ಒಳಗೆ ಬಿರುಕಿದ್ದರೆ ಸದ್ದು ಅಲ್ಲೇ ಸತ್ತುಹೋಗುತ್ತಿತ್ತು. ಒಮ್ಮೆ ಹಾಗೆ ಸದ್ದು ಸತ್ತಾಗ ದಾವಲಸಾಬರು ಸೀಮೆಸುಣ್ಣದಿಂದ ಗಾಲಿಯ ಮೇಲೆ ಗುರುತು ಹಾಕಿದರು. ಆ ಬೋಗಿಯನ್ನು ಬಿಡಿಸಿ ಬೇರೆಯದನ್ನು ಜೋಡಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಪ್ರಯಾಣಿಕರು ಕಿಟಕಿಯಿಂದ ತಲೆ ಹೊರಹಾಕಿ ಬೈದರು. ಜೊತೆಯವನೊಬ್ಬ, ಇಷ್ಟು ಮಾಡಿದ್ದಕ್ಕೆ ಒಬ್ಬನಾದರೂ ಒಳ್ಳೆಯ ಮಾತು ಆಡಲಿಲ್ಲವಲ್ಲ ಎಂದಾಗ ದಾವಲಸಾಬರು ಹೇಳಿದ ಮಾತು ಇದು: "ಊರು ಮುಟ್ಟಿ ಮನಿಗೆ ಹೋಗಿ ಉಣ್ತಾರಲ್ಲ, ಸಾಕು ಬಿಡೋ. ಏನೂ ಆಗಲಿಲ್ಲ ಅನ್ನೂದ ನಮ್ಮ ಕೆಲಸ."

ಅವರು ನಿವೃತ್ತರಾದರು. ಗಾಲಿ ಪರೀಕ್ಷಿಸಲು ಹೊಸ ಯಂತ್ರಗಳು ಬಂದವು. ನನ್ನ ಹಿಡಿಕೆ ಮುರಿದಿತ್ತು. ಬೇರೆ ಹಳೆ ಕಬ್ಬಿಣದ ಜೊತೆ ಹರಾಜಿನಲ್ಲಿ ಹೋಗಿ, ಊರೊಳಗಿನ ಒಂದು ಗುಜರಿ ಅಂಗಡಿಯ ಮೂಲೆ ಸೇರಿದೆ. ಅಲ್ಲಿ ತೂತಾದ ಕೊಡಗಳು, ಕಾಲು ಮುರಿದ ಕುರ್ಚಿಗಳು ನನ್ನ ನೆರೆಹೊರೆ. ಇನ್ನು ಕರಗಿಹೋಗುವುದೇ ಗತಿ ಎಂದುಕೊಂಡಿದ್ದೆ.

ಆಗ ಬಂದವರು ರೇಣುಕಾ ಮುಳಗುಂದ.

ರೇಣುಕಾ ಮೇಡಂ ಸಿವಿಲ್ ಎಂಜಿನಿಯರ್. ಬಹಳ ವರ್ಷ ಕಟ್ಟಡ ಕಟ್ಟಿಸುವ ಕೆಲಸದಲ್ಲಿದ್ದವರು. ಅವರ ಅಕ್ಕ ಆಸೆಯಿಂದ ಒಂದು ಮನೆ ಕೊಂಡು, ಗೃಹಪ್ರವೇಶದ ಮರುವಾರವೇ ಸ್ನಾನದ ಮನೆಯಲ್ಲಿ ಕರೆಂಟ್ ಹೊಡೆದು ಬಿದ್ದಿದ್ದರಂತೆ. ಪುಣ್ಯಕ್ಕೆ ಬದುಕಿದರು. ಆ ಮನೆಗೆ ಅರ್ಥಿಂಗ್ ತಂತಿಯನ್ನೇ ಎಳೆದಿರಲಿಲ್ಲ. ಟೈಲ್ಸ್ ಚೆಂದ, ಬಾಗಿಲು ಚೆಂದ ಎಂದು ಹತ್ತು ಜನ ನೋಡಿ ಹೊಗಳಿದ್ದರು, ಇದನ್ನು ಮಾತ್ರ ಯಾರೂ ನೋಡಿರಲಿಲ್ಲ. ಅಂದಿನಿಂದ ಮೇಡಂ, ಜನ ಮನೆ ಕೊಳ್ಳುವ ಮೊದಲು ಅದನ್ನು ಪರೀಕ್ಷಿಸಿ ಹೇಳುವ ಕೆಲಸ ಹಿಡಿದರು. ಗುಜರಿಯವನ ಹತ್ತಿರ ನನ್ನನ್ನು ಎತ್ತಿಕೊಂಡು, ಅಂಗಡಿಯ ಕಲ್ಲುಕಂಬಕ್ಕೆ ಒಮ್ಮೆ ತಟ್ಟಿ ಕಿವಿಗೊಟ್ಟರು. ಅವರ ಮುಖ ಅರಳಿತು. ನನಗೆ ಮೊಳದಷ್ಟು ಗಿಡ್ಡ ಹಿಡಿಕೆ ಹಾಕಿಸಿ ತಮ್ಮ ಚೀಲದಲ್ಲಿ ಜಾಗ ಕೊಟ್ಟರು. ಟಾರ್ಚು, ಗೋಡೆಯ ತೇವ ಅಳೆಯುವ ಚಿಕ್ಕ ಯಂತ್ರ, ಸ್ವಿಚ್‌ಬೋರ್ಡಿಗೆ ಚುಚ್ಚಿ ನೋಡುವ ಪ್ಲಗ್ಗು, ಇವರೆಲ್ಲ ನನ್ನ ಹೊಸ ಬಳಗ.

ಎಷ್ಟೋ ಮನೆ ತಟ್ಟಿದೆ. ಆದರೆ ಅಂದಾನಯ್ಯ ಮಾಸ್ತರರ ಮನೆಯ ಕತೆಯನ್ನು ಹೇಳದಿದ್ದರೆ ನನ್ನ ಬದುಕು ಹೇಳಿದಂತಾಗುವುದಿಲ್ಲ.

ಅಂದಾನಯ್ಯ ಮಾಸ್ತರರು ತಬಲಾ ಕಲಿಸುವವರು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅವರ ಹೆಂಡತಿ ನೀಲಮ್ಮ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದರು. ಮದುವೆಯಾದಾಗಿನಿಂದ ಅವರದು ಬಾಡಿಗೆ ಮನೆಗಳ ಬದುಕು. ಯಾವ ಮನೆಗೆ ಹೋದರೂ ಕೆಲವು ತಿಂಗಳಿಗೆ ಮಾಲೀಕರು ಬಂದು, ತಬಲಾದ ಸದ್ದಿಗೆ ತಲೆ ನೋಯುತ್ತದೆ, ಬೇರೆ ಮನೆ ನೋಡಿಕೊಳ್ಳಿ ಎನ್ನುತ್ತಿದ್ದರು. ಕೊನೆಗೆ ಮಾಸ್ತರರು ತಬಲಾದ ಮೇಲೆ ಟವೆಲ್ ಹಾಸಿ ಪಾಠ ಹೇಳುವಂತಾಗಿತ್ತು. ಅದಕ್ಕೇ ಇಬ್ಬರೂ ಸ್ವಂತ ಮನೆಯೊಂದನ್ನು ಮಾಡಬೇಕೆಂದು ಹೊರಟಿದ್ದರು.

ವಿರೂಪಾಕ್ಷಪ್ಪ ಜವಳಿ ಎಂಬ ಬಟ್ಟೆ ವ್ಯಾಪಾರಿ ಬೆಳಗಾವಿಗೆ ಹೋಗುವವರಿದ್ದರು. ಅವರ ಮನೆ ಮಾರಾಟಕ್ಕಿತ್ತು. ಮಹಡಿಯ ಮನೆ, ಕೆಳಗೆ ವಿಶಾಲವಾದ ಪಡಸಾಲೆ, ಎರಡೂ ಬದಿಗೆ ಖಾಲಿ ಜಾಗ. ನೀಲಮ್ಮ ನೋಡಿ ಮನಸೋತಿದ್ದರು. ದಲ್ಲಾಳಿ, ಈಗ ತಾನೇ ಬಣ್ಣ ಹೊಡೆಸಿದ್ದಾರೆ, ಹೊಸ ಮನೆಯ ಹಾಗೇ ಇದೆ ಎಂದು ಮತ್ತೆ ಮತ್ತೆ ಹೇಳಿದ್ದ. ಮಾಸ್ತರರು ಒಪ್ಪಲಿಲ್ಲ. ಮೇಡಮ್ಮನ್ನು ಕರೆಸಿ ಅವರೆದುರಿಗೇ ಹೆಂಡತಿಗೆ ಹೇಳಿದರು: "ನೀ ನೋಡಿದಿ, ನಿನಗ ಚಲೋ ಕಂಡತಿ. ನನಗ ಬಣ್ಣ ಕಾಣೂದಿಲ್ಲ. ಬಣ್ಣದ ಹಿಂದ ಏನೈತಿ ಅಂತ ಯಾರರೆ ಹೇಳಬೇಕಲ್ಲ?"

ಒಂದು ಬೆಳಿಗ್ಗೆ ಎಲ್ಲರೂ ಹೋದೆವು. ಮಾಸ್ತರರು ಪತ್ನಿ ಸಮೇತ ಬಂದಿದ್ದರು. ಮೇಡಮ್ಮೇ ಹಾಗೆ ಹೇಳಿದ್ದರು. ಕೊಳ್ಳುವವರು ಜೊತೆಗಿರಬೇಕು, ಕೇಳಬೇಕು ಅನ್ನಿಸಿದ್ದನ್ನೆಲ್ಲ ಕೇಳಬೇಕು, ಹಿಂದಿನಿಂದ ಕಾಗದದಲ್ಲಿ ಓದಿದರೆ ಅರ್ಧವೂ ತಿಳಿಯುವುದಿಲ್ಲ ಎಂಬುದು ಅವರ ಕ್ರಮ.

ಮನೆ ನೋಡಲು ಬಂದವರು ಸಾಮಾನ್ಯವಾಗಿ ನೇರ ಬಾಗಿಲಿಗೆ ಹೋಗುತ್ತಾರೆ. ಮೇಡಂ ಮೊದಲು ಹೊರಗೆ ಒಂದು ಸುತ್ತು ಹಾಕಿದರು. ಮಳೆ ನೀರು ಗೋಡೆಯ ಬುಡಕ್ಕೆ ಬರುತ್ತದೋ ದೂರ ಹೋಗುತ್ತದೋ ನೋಡಿದರು. ಚರಂಡಿಯ ಮುಚ್ಚಳ ಎತ್ತಿಸಿದರು. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದಿದ್ದ ಒಂದು ಸೀಳಿನ ಮುಂದೆ ಬಹಳ ಹೊತ್ತು ನಿಂತರು. ನೀಲಮ್ಮ ಗಾಬರಿಯಿಂದ ಕೇಳಿದರು. ಇದು ಎರೆಮಣ್ಣಿನ ನೆಲ, ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಹಾಗಾಗಿ ಈ ಕಡೆಯ ಮನೆಗಳಲ್ಲಿ ಇಂಥ ಸೀಳು ಸಾಮಾನ್ಯ ಎಂದು ಮೇಡಂ ವಿವರಿಸಿದರು. ಸೀಳಿನೊಳಗೆ ಹಳೆಯ ಬಣ್ಣದ ಪದರಗಳೂ ಇಳಿದಿದ್ದವು. ಬಹಳ ಹಿಂದೆಯೇ ಬಿಟ್ಟ ಸೀಳು, ಈಚೆಗೆ ಅಗಲವಾಗಿಲ್ಲ, ಬಾಗಿಲು ಕಿಟಕಿಗಳೂ ಸಲೀಸಾಗಿ ಹಾಕಿಕೊಳ್ಳುತ್ತಿವೆ, ಹಾಗಾಗಿ ಪಾಯ ಕುಸಿದಂತಿಲ್ಲ ಎಂದರು. ನೀಲಮ್ಮನ ಉಸಿರು ನಿರಾಳವಾದದ್ದು ಚೀಲದಲ್ಲಿದ್ದ ನನಗೂ ಕೇಳಿಸಿತು.

ಒಳಗೆ ಪಡಸಾಲೆಯಲ್ಲಿ ನನ್ನ ಸರದಿ ಬಂತು. ಮೇಡಂ ಗೋಡೆಯನ್ನು ಮೇಲಿನಿಂದ ಕೆಳಗೆ ತಟ್ಟುತ್ತಾ ಬಂದರು. ಎದೆಮಟ್ಟದವರೆಗೆ ತುಂಬಿದ ಸದ್ದು. ಮೊಣಕಾಲ ಮಟ್ಟಕ್ಕೆ ಬಂದಾಗ ಪೊಳ್ಳು. ಮಾಸ್ತರರ ಕತ್ತು ಥಟ್ಟನೆ ಆ ಕಡೆ ತಿರುಗಿತು. ತಾವೇ ತಟ್ಟಿ ನೋಡಬಹುದೇ ಎಂದು ಕೇಳಿದರು. ಮೇಡಂ ನನ್ನನ್ನು ಅವರ ಕೈಗೆ ಕೊಟ್ಟರು.

ಅಂಥ ಕೈ ನಾನು ಅದುವರೆಗೆ ಕಂಡಿರಲಿಲ್ಲ. ಬೆರಳುಗಳ ತುದಿ ಕಲ್ಲಿನಂತೆ ಗಟ್ಟಿ, ಹಿಡಿತ ಮಾತ್ರ ಹಗುರ. ಅವರು ಗೋಡೆಯ ಬುಡಕ್ಕೆ ಕೂತು ಉದ್ದಕ್ಕೂ ತಟ್ಟುತ್ತಾ ಹೋದರು. ಪೊಳ್ಳು. ಮತ್ತೆ ಪೊಳ್ಳು. ಹೋಗುತ್ತಾ ಹೋಗುತ್ತಾ ಅವರ ಮುಖ ಬಾಡಿತು.

"ಈ ಮನಿ ಪೂರಾ ಪೊಳ್ಳ ಐತೇನ್ರಿ, ಮೇಡಮ್ಮಾರ?"

"ಇಲ್ರಿ ಮಾಸ್ತರ. ಪೊಳ್ಳಾಗಿದ್ದು ಗಿಲಾವು, ಗ್ವಾಡಿ ಅಲ್ಲ. ನೆಲದ ಪಸೆ ಏರಿ ಸಿಮೆಂಟಿನ ಗಿಲಾವು ಬಿಟ್ಕೊಂಡೈತಿ. ಅದು ಗ್ವಾಡಿ ಹಾಕ್ಕೊಂಡ ಅಂಗಿ ಇದ್ದಂಗ. ಅಂಗಿ ಹರದ್ರ ಬ್ಯಾರೆ ಹೊಲಿಸ್ಕೊಬಹುದು."

ಮಾಸ್ತರರು ನಕ್ಕರು. ಆದರೂ ಕೈಬಿಡದೆ ಇನ್ನೊಂದು ಸಲ ತಟ್ಟಿ ಖಚಿತ ಮಾಡಿಕೊಂಡರು.

ಮೇಡಂ ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ಬಿಟ್ಟು ನೀರಿನ ರಭಸ ನೋಡಿದರು. ಪ್ರತಿ ಸ್ವಿಚ್‌ಬೋರ್ಡಿಗೂ ಪ್ಲಗ್ಗು ಚುಚ್ಚಿ, ಅಡುಗೆಮನೆಯಲ್ಲಿ ಅರ್ಥಿಂಗ್ ಸರಿಯಿಲ್ಲ, ಮೊದಲು ಸರಿಪಡಿಸಬೇಕು ಎಂದರು. ಮನೆಯ ಯಜಮಾನರಾದ ಜವಳಿಯವರು ಹಿಂದೆ ಹಿಂದೆಯೇ ಬರುತ್ತಿದ್ದರು. ಮೊದಮೊದಲು ಚಹಾ ಕೊಡಿಸಿ ಉಪಚಾರ ಮಾಡಿದ ಅವರ ಮುಖ ಒಂದೊಂದೇ ಮಾತಿಗೆ ಬಿಗಿಯಾಗುತ್ತಾ ಬಂತು. ಅವರನ್ನು ತಪ್ಪು ತಿಳಿಯಬೇಡಿ. ಮೂವತ್ತು ವರ್ಷ ಬಾಳಿದ ಮನೆಯ ಕುಂದುಗಳನ್ನು ಹೊರಗಿನವರು ಎಣಿಸುತ್ತಿದ್ದರೆ ಯಾರಿಗೂ ಹಿತವಾಗುವುದಿಲ್ಲ.

ಆಮೇಲೆ ತಾರಸಿ ಹತ್ತಿದೆವು. ಒಂದು ಮೂಲೆಯಲ್ಲಿ ಸಿಮೆಂಟಿನ ನೀರಿನ ಟ್ಯಾಂಕ್. ಅದರ ಬುಡದಲ್ಲಿ ಹಸಿರು ಪಾಚಿ ದಪ್ಪಗೆ ಬೆಳೆದಿತ್ತು. ಅಲ್ಲಿ ನೀರು ಇಂಗುತ್ತಿರುವುದು ನಿನ್ನೆ ಮೊನ್ನೆಯ ಮಾತಾಗಿರಲಿಲ್ಲ. ಇದರ ಕೆಳಗೆ ಯಾವ ಕೋಣೆ ಬರುತ್ತದೆ ಎಂದು ಮೇಡಂ ಕೇಳಿದರು.

ಜವಳಿಯವರು ತಡೆದರು. ಅದು ಬಾಣಂತಿಯ ಖೋಲಿ, ಮಗಳು ಹೆರಿಗೆಗೆ ಬಂದಿದ್ದಾಳೆ, ಅದೊಂದನ್ನು ಬಿಟ್ಟುಬಿಡಿ ಎಂದರು. ಮೇಡಂ ಒತ್ತಾಯ ಮಾಡಲಿಲ್ಲ. ಆಗಲಿ, ಆದರೆ ಆ ಕೋಣೆಯನ್ನು ನೋಡಿಲ್ಲ ಎಂದೇ ಹೇಳಬೇಕಾಗುತ್ತದೆ, ಟ್ಯಾಂಕಿನ ಕೆಳಗಿನ ಕೋಣೆಯನ್ನೇ ಮುಖ್ಯವಾಗಿ ನೋಡಬೇಕಿತ್ತು ಎಂದಷ್ಟೇ ಅಂದರು. ಆಗ ಮಾಸ್ತರರು ಮೆಲ್ಲಗೆ ಹೇಳಿದರು: "ಉಳದ ಖೋಲಿನೂ ನಾ ಏನ ನೋಡೀನ್ರಿ ಜವಳಿಯವರ? ಕೇಳೇನಿ ಅಷ್ಟ. ಇದೊಂದು ಕೇಳದ ಹೆಂಗ ಹೋಗ್ಲಿ?"

ಜವಳಿಯವರ ಹೆಂಡತಿ ಸುವರ್ಣಮ್ಮನಿಗೆ ಆ ಮಾತು ತಾಗಿತು. ಹೆಣ್ಣುಮಕ್ಕಳು ಒಳಗೆ ಬರಲಿ, ಕಾಲು ತೊಳೆದುಕೊಂಡು ಬರಲಿ ಎಂದರು. ಮೇಡಂ ಮತ್ತು ನೀಲಮ್ಮ ಕಾಲು ತೊಳೆದು ಒಳಗೆ ಹೋದರು.

ಕೋಣೆಯ ಕಿಟಕಿ ಮುಚ್ಚಿತ್ತು. ಲೋಬಾನದ ಹೊಗೆಯ ವಾಸನೆ ತುಂಬಿತ್ತು. ಜವಳಿಯವರ ಮಗಳು ಮಹಾದೇವಿ ತಲೆಗೆ ಬಿಗಿಯಾಗಿ ವಸ್ತ್ರ ಕಟ್ಟಿಕೊಂಡು ಮಂಚದ ಮೇಲೆ ಕೂತು, ತೊಟ್ಟಿಲ ಹಗ್ಗವನ್ನು ಎಳೆಯುತ್ತಿದ್ದಳು. ತೊಟ್ಟಿಲಲ್ಲಿ ಕೂಸು ಮಲಗಿತ್ತು. ತೊಟ್ಟಿಲು ಚಾವಣಿಯ ಕಬ್ಬಿಣದ ಕೊಂಡಿಯಿಂದ ತೂಗುತ್ತಿತ್ತು.

ಚಾವಣಿಗೂ ಹೊಸ ಬಣ್ಣ. ಒಂದು ಕಲೆಯೂ ಇಲ್ಲ. ಮೇಡಂ ಸ್ಟೂಲಿನ ಮೇಲೆ ನಿಂತು ಗೋಡೆಯ ಅಂಚಿನಿಂದ ಚಾವಣಿ ತಟ್ಟತೊಡಗಿದರು. ಮಗು ಏಳಬಾರದೆಂದು ಬಹಳ ಹಗುರವಾಗಿ ತಟ್ಟಿದರು. ಅಂಚಿನಲ್ಲಿ ಸ್ಲ್ಯಾಬ್ ಗಟ್ಟಿಯಿತ್ತು. ಗಟ್ಟಿ, ಗಟ್ಟಿ ಎನ್ನುತ್ತಾ ಕೊಂಡಿಯ ಕಡೆಗೆ ಬಂದೆವು. ಕೊಂಡಿಗೆ ಒಂದು ಗೇಣಿರುವಾಗ ಸದ್ದು ಬದಲಾಯಿತು. ಪಡಸಾಲೆಯ ಗೋಡೆಯ ಪೊಳ್ಳು ಸದ್ದಿನಂಥದಲ್ಲ ಇದು. ಮಂಕಾದ, ಅಳ್ಳಕವಾದ, ಒಳಗೆ ಏನೋ ಕಳಚಿಕೊಂಡು ನಿಂತಿದೆ ಎನ್ನುವ ಸದ್ದು. ನನ್ನನ್ನು ಹಿಡಿದಿದ್ದ ಕೈ ಗಾಳಿಯಲ್ಲೇ ನಿಂತಿತು.

ಮೇಡಂ ಸ್ಟೂಲಿನಿಂದ ಇಳಿದರು. ಅವರ ದನಿಯಲ್ಲಿ ಒಂದಿಷ್ಟೂ ಏರುಪೇರಿರಲಿಲ್ಲ.

"ತಂಗಿ, ಕೂಸಿನ್ನ ಎತ್ಕೋವಾ."

"ಈಗರೆ ಮಲಗೇತ್ರಿ," ಎಂದಳು ಮಹಾದೇವಿ.

"ಎತ್ಕೋ. ಎದ್ರ ಮತ್ತ ಮಲಗತೈತಿ. ಎತ್ಕೊಂಡು ಹೊರಗ ನಡಿ."

ಮಹಾದೇವಿ ಅವರ ಮುಖ ನೋಡಿದಳು. ಕೂಸನ್ನು ಎದೆಗವಚಿಕೊಂಡು ಹೊರಗೆ ಹೋದಳು. ನೀಲಮ್ಮ ಮಂಚವನ್ನು ಗೋಡೆಗೆ ಎಳೆದರು. ಮೇಡಂ ಮತ್ತು ಸುವರ್ಣಮ್ಮ ಸೇರಿ ತೊಟ್ಟಿಲನ್ನು ಕೊಂಡಿಯಿಂದ ಬಿಡಿಸಿ ಬಾಗಿಲಾಚೆ ಇಟ್ಟರು.

ಕೂಸಿನ ಅಳು ಕೇಳಿ ಜವಳಿಯವರು ಓಡಿ ಬಂದರು. ಬಾಗಿಲಲ್ಲಿ ಇಳಿಸಿದ್ದ ತೊಟ್ಟಿಲನ್ನು ಕಂಡದ್ದೇ ಅವರ ತಾಳ್ಮೆ ತಪ್ಪಿತು. "ಮನಿ ಬ್ಯಾಡಾದ್ರ ಬ್ಯಾಡ ಅಂತ ಹೇಳ್ರಿ. ಬಾಣಂತಿನ ಅಂಜಿಸಿ ವ್ಯವಹಾರ ಮಾಡೂದು ಯಾವ ರೀತಿ ಇದು?"

ಮೇಡಂ ವಾದಕ್ಕೆ ಇಳಿಯಲಿಲ್ಲ. ನೀವು ಬಾಗಿಲಲ್ಲೇ ನಿಂತು ಒಮ್ಮೆ ಕೇಳಿ ಎಂದು ಅವರಿಗೆ ಹೇಳಿ, ಸ್ಟೂಲನ್ನು ಗೋಡೆಯ ಪಕ್ಕಕ್ಕೆ ಸರಿಸಿಕೊಂಡು ಹತ್ತಿದರು. ಗೋಡೆಯ ಹತ್ತಿರ ತಟ್ಟಿದರು, ತುಂಬಿದ ಸದ್ದು. ಕೈ ಚಾಚಿ ಕೊಂಡಿಯ ಹತ್ತಿರ ತಟ್ಟಿದರು, ಮಂಕು ಸದ್ದು. ಕಿವಿಯಿದ್ದ ಯಾರಿಗೂ ತಿಳಿಯುವಂತಿತ್ತು. ಜವಳಿಯವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಣ್ಣದ ಸಿಪ್ಪೆಯೊಂದು ಉದುರಿತು. ಅದರ ಹಿಂದೆಯೇ, ಊಟದ ತಟ್ಟೆಯಷ್ಟು ಅಗಲದ ಕಾಂಕ್ರೀಟಿನ ಹೆಕ್ಕಳೆ ದಪ್ಪೆಂದು ನೆಲಕ್ಕೆ ಬಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ತೊಟ್ಟಿಲು ತೂಗುತ್ತಿದ್ದ ಜಾಗ ಅದು.

ಧೂಳು ಇಳಿದಾಗ ಚಾವಣಿಯೊಳಗಿನ ಕಬ್ಬಿಣದ ಸರಳುಗಳು ಕಂಡವು. ತುಕ್ಕು ಹಿಡಿದು ಉಬ್ಬಿ, ಪದರ ಪದರವಾಗಿ ಎದ್ದಿದ್ದವು. ಕೊಂಡಿಯನ್ನು ಬಿಗಿದಿದ್ದ ಸರಳು ಪೆನ್ಸಿಲಿನಷ್ಟೇ ಉಳಿದಿತ್ತು.

ಜವಳಿಯವರು ಹೊರಗೆ ಹೋಗಿ ಮಗಳ ಕೈಯಿಂದ ಕೂಸನ್ನು ಎತ್ತಿಕೊಂಡರು. ಸುವರ್ಣಮ್ಮ ತಮ್ಮಷ್ಟಕ್ಕೆ ಎಂಬಂತೆ ಅಂದರು: "ಮಹಾದೇವಿನೂ ಇದ ಕೊಂಡಿಗೇ ತೂಗಿದ್ದೆ."

ಯಾರೂ ಸಂಚು ಮಾಡಿರಲಿಲ್ಲ. ಹಬ್ಬಕ್ಕೆ, ಮಗಳ ಸೀಮಂತಕ್ಕೆ, ಮನೆ ಮಾರಾಟಕ್ಕೆ ಎಂದು ಪ್ರತಿಸಲವೂ ಕಲೆಯ ಮೇಲೆ ಬಣ್ಣ ಬಿದ್ದಿತ್ತು. ಬಣ್ಣದ ಹಿಂದೆ ನೀರು ತನ್ನ ಕೆಲಸ ತಾನು ಮಾಡಿಕೊಂಡು ಹೋಗಿತ್ತು. ಮೇಡಂ ಅಂದೇ ಟ್ಯಾಂಕ್ ಖಾಲಿ ಮಾಡಿಸಲು ಹೇಳಿ, ಆ ಕೋಣೆಗೆ ಬೀಗ ಹಾಕಿಸಿ, ಬಾಣಂತಿಯನ್ನು ಕೆಳಗಿನ ಕೋಣೆಗೆ ಇಳಿಸಿಯೇ ಹೊರಟರು.

ಗೇಟಿನ ಹೊರಗೆ ಮಾಸ್ತರರು ನಿಂತುಬಿಟ್ಟರು. ಈ ಮನೆ ತಮಗೆ ಬೇಡ ಎಂದರು. ನೀಲಮ್ಮ ಹಿಂತಿರುಗಿ ಒಮ್ಮೆ ಪಡಸಾಲೆಯ ಕಿಟಕಿಗಳನ್ನು ನೋಡಿದರು. ಕೊಳ್ಳಿರಿ, ಬಿಡಿರಿ ಎಂದು ಮೇಡಂ ಯಾರಿಗೂ ಹೇಳಿದವರಲ್ಲ. ಅಂದೂ ಹೇಳಲಿಲ್ಲ. "ಮಾಸ್ತರ, ಪಾಸು ನಪಾಸು ಹೇಳೂದು ನನ್ನ ಕೆಲಸ ಅಲ್ರಿ. ಯಾವುದು ಅಪಾಯ, ಯಾವುದು ಬರೇ ರಿಪೇರಿ, ಯಾವುದು ಇದ್ರೂ ನಡೀತೈತಿ, ಅಷ್ಟ ಹೇಳ್ತೀನಿ. ಪಾಯ ಗಟ್ಟಿ ಐತಿ. ಗ್ವಾಡಿ ಗಟ್ಟಿ ಅದಾವು. ಕೆಟ್ಟಿದ್ದು ಟ್ಯಾಂಕಿನ ಕೆಳಗಿನ ಸ್ಲ್ಯಾಬ್ ಒಂದ. ಅದನ್ನ ಸರಿ ಮಾಡೂದಕ್ಕ ದಾರಿ ಐತಿ. ಮನಸ್ಸಿಗೆ ಬರೂದು ಬಿಡೂದು ನಿಮಗ ಬಿಟ್ಟಿದ್ದು."

ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ, ನೀಲಮ್ಮ ಮೇಡಮ್ಮಿಗೆ ಹೇಳುವಾಗ ಚೀಲದೊಳಗಿಂದ ಕೇಳಿದ್ದು. ಕೆಲವು ದಿನಗಳ ನಂತರ ಜವಳಿಯವರು ಹೆಂಡತಿಯೊಡನೆ ಮಾಸ್ತರರ ಬಾಡಿಗೆ ಮನೆ ಹುಡುಕಿಕೊಂಡು ಬಂದರಂತೆ. ಆಗ ಪಾಠ ನಡೆಯುತ್ತಿತ್ತು, ತಬಲಾದ ಮೇಲೆ ಟವೆಲ್ ಇತ್ತು. ಅದೇಕೆ ಹಾಗೆ ಎಂದು ಸುವರ್ಣಮ್ಮ ಕೇಳಿದರು. ನೀಲಮ್ಮ ಕಾರಣ ಹೇಳಿದರು. ಆಮೇಲೆ ಜವಳಿಯವರು ತಾವು ಬಂದ ಕಾರಣ ಹೇಳಿದರು.

"ನೀವು ಮನಿ ತಗೋರಿ, ಬಿಡ್ರಿ, ಅದು ನಿಮಗ ಬಿಟ್ಟಿದ್ದು. ಆ ಸ್ಲ್ಯಾಬ್ ನಾ ಮಾಡಸಾವನ. ನನ್ನ ಮೊಮ್ಮಗಳು ಉಳದಾಳ. ಕೆಲಸ ಮುಗದ ಮ್ಯಾಲೆ ಒಮ್ಮೆ ಬಂದು ತಟ್ಟಿ ನೋಡ್ರಿ, ಅಷ್ಟ ಕೇಳ್ಕೊತೀನಿ."

ಆ ಚಳಿಗಾಲವಿಡೀ ಕೆಲಸ ನಡೆಯಿತು. ಸಿಮೆಂಟಿನ ಟ್ಯಾಂಕ್ ಒಡೆಸಿದರು. ಕೆಟ್ಟ ಭಾಗವನ್ನು ಕೆತ್ತಿ ತೆಗೆದು, ಹೊಸ ಸರಳು ಕಟ್ಟಿ, ಆ ಭಾಗದ ಸ್ಲ್ಯಾಬನ್ನೇ ಮತ್ತೆ ಹಾಕಿಸಿದರು. ಪಡಸಾಲೆಯ ಗಿಲಾವು ಕೆಡವಿ ಹೊಸದು ಬಂತು. ಅರ್ಥಿಂಗ್ ತಂತಿ ಎಳೆದರು. ಮೇಡಂ ಎರಡು ಮೂರು ಸಲ ಹೋಗಿ ನೋಡಿದರು, ಒಮ್ಮೆ ಸರಳಿನ ಅಂತರ ಸರಿಯಿಲ್ಲವೆಂದು ಬಿಚ್ಚಿಸಿಯೂ ಕಟ್ಟಿಸಿದರು. ಜವಳಿಯವರು ಈ ಸಲ ಮುಖ ಗಂಟಿಕ್ಕಲಿಲ್ಲ. ತಾವೇ ಮುಂದೆ ನಿಂತು, ಅದನ್ನೂ ನೋಡಿ, ಇದನ್ನೂ ನೋಡಿ ಎನ್ನುತ್ತಿದ್ದರು.

ಕೊನೆಗೆ ಎಲ್ಲರೂ ಆ ಕೋಣೆಯಲ್ಲಿ ಸೇರಿದರು. ಮೇಡಂ ತಟ್ಟಿ ನೋಡಿ ನನ್ನನ್ನು ಮಾಸ್ತರರಿಗೆ ಕೊಟ್ಟರು. ನೀಲಮ್ಮ ಸ್ಟೂಲನ್ನು ಭದ್ರವಾಗಿ ಹಿಡಿದುಕೊಂಡರು. ಮಾಸ್ತರರು ಮೇಲೆ ನಿಂತು, ಅಂಗೈಯಿಂದ ಚಾವಣಿ ಸವರಿ, ಒಂದು ತುದಿಯಿಂದ ಇನ್ನೊಂದು ತುದಿಗೆ ತಟ್ಟಿದರು. ಎಲ್ಲಿಯೂ ಸದ್ದು ಬಾಡಲಿಲ್ಲ. ತೃಪ್ತಿಯಾಗದೆ ಮತ್ತೊಮ್ಮೆ ಹಿಂದಕ್ಕೆ ತಟ್ಟುತ್ತಾ ಬಂದರು. ಆಮೇಲೆ ಹೆಂಡತಿಗೆ ಹೇಳಿದರು: "ತುಂಬೇತಿ, ನೀಲಾ."

ಯುಗಾದಿಯ ಹೊತ್ತಿಗೆ ಮನೆ ಅವರದಾಯಿತು. ಸಾಮಾನು ಇಳಿಸುವ ಮೊದಲೇ ಮಾಸ್ತರರು ಪಡಸಾಲೆಯ ನಡುವೆ ಚಾಪೆ ಹಾಸಿಸಿ, ತಬಲಾ ಇಟ್ಟುಕೊಂಡು, ಟವೆಲನ್ನು ಹೆಗಲಿಗೆ ಎಸೆದು ನುಡಿಸಿದರು. ಖಾಲಿ ಮನೆ ಮೊಳಗಿತು. ಮೇಡಂ ಒಂದು ಕೆಲಸಕ್ಕೆಂದು ಹೊರಟವರು ಗೇಟಿನಲ್ಲೇ ನಿಂತು ಕೇಳಿದರು.

ನಾನು ಆಮೇಲೂ ಬಹಳ ಮನೆ ತಟ್ಟಿದೆ. ಕೆಲವೆಡೆ ಜನ ಸಂತೋಷಪಟ್ಟರು, ಕೆಲವೆಡೆ ಬಾಗಿಲು ಹಾಕಿಕೊಂಡರು. ಬರಬರುತ್ತಾ ನನ್ನ ಮುಖ ಸವೆದು ಓರೆಯಾಯಿತು. ಮೇಡಂ ಉದ್ದ ಕೋಲಿನ ತುದಿಗೆ ಉಕ್ಕಿನ ಗುಂಡು ಇರುವ ಹೊಸ ಸಾಧನ ತಂದರು, ಸ್ಟೂಲು ಹತ್ತದೆ ಚಾವಣಿಯನ್ನು ತಟ್ಟಬಹುದು. ಗೋಡೆಯೊಳಗಿನ ತೇವವನ್ನು ಚಿತ್ರವಾಗಿ ತೋರಿಸುವ ಕ್ಯಾಮೆರಾ ಕೂಡ ಬಂತು. ಅವರಿಗೆ ನನ್ನನ್ನು ಗುಜರಿಗೆ ಹಾಕುವ ಮನಸ್ಸು ಬರಲಿಲ್ಲ. ಒಂದು ದಿನ ಮಾಸ್ತರರು ತಾವೇ ನನ್ನನ್ನು ಕೇಳಿ ಪಡೆದರು. ತಬಲಾದ ಶ್ರುತಿ ಕೂಡಿಸಲು ಸಣ್ಣ ಸುತ್ತಿಗೆ ಬೇಕು, ತಮ್ಮದು ಹಗುರ, ಇದರ ತೂಕ ಕೈಗೆ ಹೊಂದುತ್ತದೆ ಎಂದರು.

ಈಗ ನನ್ನ ವಾಸ ಪಡಸಾಲೆಯ ಗೂಡಿನಲ್ಲಿ, ಅತ್ತರಿನ ಖಾಲಿ ಶೀಶೆಯ ಪಕ್ಕ. ಗೋಡೆ ತಟ್ಟುವುದು ಮುಗಿಯಿತು. ತಬಲಾದ ಅಂಚಿನ ಚರ್ಮದ ಹೆಣಿಗೆಯ ಮೇಲೆ ಸುತ್ತಲೂ ಮೆತ್ತಗೆ ಬೀಳುವುದು ಈಗಿನ ಕೆಲಸ. ಬೀಳುವ ಪೆಟ್ಟು ಅದೇ, ಹಿಡಿದವರು ಕಿವಿಗೊಡುವುದೂ ಅದೇ. ಆದರೆ ಇಷ್ಟು ವರ್ಷ ಎಲ್ಲಿ ಕೆಟ್ಟಿದೆ ಎಂದು ತಿಳಿಸಿ ಮುಂದೆ ಹೋಗುತ್ತಿದ್ದೆ, ಸರಿಪಡಿಸುವವರು ಬೇರೆ ಇರುತ್ತಿದ್ದರು. ಮುಪ್ಪಿನಲ್ಲಿ, ಕೆಟ್ಟದ್ದನ್ನು ಸರಿಮಾಡುವ ಕೈಯಲ್ಲೂ ನಾನು ಇರುವಂತಾಯಿತು. ಇದನ್ನು ನಾನು ಬಯಸಿದ್ದೂ ಇಲ್ಲ, ಬಯಸಬಹುದು ಎಂದು ಗೊತ್ತೂ ಇರಲಿಲ್ಲ.

ಇಂದು ಹೊರಗೆ ಸೋನೆ ಹಿಡಿದಿದೆ, ತಬಲಾದ ಚರ್ಮ ಸಡಿಲಾಗಿದೆ. ನಿವೃತ್ತ ಬಸ್ ಕಂಡಕ್ಟರರೊಬ್ಬರು ಹೊಸದಾಗಿ ಪಾಠಕ್ಕೆ ಸೇರಿದ್ದಾರೆ, ಇನ್ನೂ ಕೈ ಕೂತಿಲ್ಲ. ಮಾಸ್ತರರು ಅವರ ತಬಲಾವನ್ನು ಮಡಿಲಿಗೆ ಎಳೆದುಕೊಂಡು ನನ್ನಿಂದ ಒಂದು ಪೆಟ್ಟು ಹಾಕಿದರು, ಬೆರಳಿಂದ ನುಡಿಸಿದರು, ಶ್ರುತಿ ಕೂಡಿಲ್ಲವೆಂದು ತಲೆಯಾಡಿಸಿದರು. ತಬಲಾವನ್ನು ಇಷ್ಟೇ ಇಷ್ಟು ತಿರುಗಿಸಿ ನನ್ನನ್ನು ಮತ್ತೆ ಎತ್ತಿದ್ದಾರೆ. ಇನ್ನೂ ಸ್ವಲ್ಪ ಬಾಕಿ ಇದೆ.